ಎಡಗಿವಿಯ ಮನೆ ಅಳಿಯ

ಕಿವಿ ಡಾಕ್ಟರು ಹೇಳಿದ ಹೆಸರು ಒಂದೇ ಉಸಿರಿಗೆ ಬಾಯಿಗೆ ಬರುವಂಥದ್ದಾಗಿರಲಿಲ್ಲ. ಮನೆಯಲ್ಲಿ ಅದಕ್ಕೊಂದು ಸಲೀಸಾದ ಹೆಸರಿಟ್ಟವರು ಅತ್ತೆ. ಗಂಡನ ಜೊತೆ ಆಸ್ಪತ್ರೆಗೆ ಹೋಗಿಬಂದ ಮಗಳು ಚಪ್ಪಲಿ ಬಿಡುವುದಕ್ಕೂ ಮೊದಲೇ ಎಲ್ಲವನ್ನೂ ಒಪ್ಪಿಸಿಬಿಟ್ಟಳು. ಎಡಗಿವಿಯ ಒಳಗಡೆ, ಕೇಳಿಸುವ ನರವೂ ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವ ನರವೂ ಜೊತೆಯಾಗಿ ಹೋಗುವ ಜಾಗದಲ್ಲಿ, ಬಟಾಣಿ ಕಾಳಿನಷ್ಟು ಒಂದು ಗಡ್ಡೆ ಕೂತಿದೆ. ಕ್ಯಾನ್ಸರ್ ಅಲ್ಲ. ಎಲ್ಲಿಗೂ ಹೋಗುವುದಿಲ್ಲ, ಯಾರ ತಂಟೆಗೂ ಬರುವುದಿಲ್ಲ, ಕೂತಲ್ಲೇ ಕೂತಿರುತ್ತದೆ. ಎಬ್ಬಿಸಲು ಹೋದರೆ ಅಕ್ಕಪಕ್ಕದ್ದು ಹಾಳಾಗಬಹುದು. ಹಾಗಾಗಿ ಅದರ ಪಾಡಿಗೆ ಬಿಟ್ಟು, ವರ್ಷಕ್ಕೊಮ್ಮೆ ಹೇಗಿದೆ ಎಂದು ವಿಚಾರಿಸಿಕೊಂಡು ಬರಬೇಕಂತೆ.

ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡರು.

"ಹಾಗಂದ್ರೆ ಮನೆ ಅಳಿಯ ಅನ್ನು," ಎಂದರು.

ನಿಜವಾದ ಮನೆ ಅಳಿಯ ಎದುರಿಗೇ ಕೂತಿದ್ದ. ಆಗ ಅವನಿಗೆ ಬಲಗಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು, ಈಗಲೂ ಕೇಳಿಸುತ್ತದೆ.

ಇವನು ಟೈಲ್ಸ್ ಮೇಸ್ತ್ರಿ. ಮದುವೆಯಾದ ಹೊಸದರಲ್ಲಿ "ಬೇರೆ ಮನೆ ಸಿಗೋವರೆಗೆ" ಎಂದು ಒಂದು ಪೆಟ್ಟಿಗೆ, ನೆಲದ ಮಟ್ಟ ನೋಡುವ ಒಂದು ರಸಮಟ್ಟ ಹಿಡಿದುಕೊಂಡು ಅತ್ತೆಯ ಮನೆಗೆ ಬಂದವನು. ಅವನ ಮಗಳಿಗೆ ಹರೆಯ ಬಂದು, ಅವಳು ಓದಲು ಪರಸ್ಥಳಕ್ಕೆ ಹೋದದ್ದೂ ಆಯಿತು, ಆ ಬೇರೆ ಮನೆ ಮಾತ್ರ ಸಿಕ್ಕಿರಲಿಲ್ಲ. ಇರುವುದಕ್ಕೆ ಪ್ರತಿಯಾಗಿ ಎನ್ನುವಂತೆ ಅವನು ಒಂದೊಂದೇ ಕೋಣೆಗೆ ನೆಲ ಹಾಕುತ್ತಾ ಬಂದ. ಅಡುಗೆಮನೆಯ ನೆಲದ ಮೇಲೆ ಗೋಲಿ ಇಟ್ಟರೆ ಅದು ಯಾವ ಕಡೆಗೂ ಉರುಳದೆ ಅಲ್ಲೇ ನಿಲ್ಲುತ್ತಿತ್ತು. ನೆಲ ಏರಿದಂತೆಲ್ಲ ಮೇಸ್ತ್ರಿಯ ಮರ್ಯಾದೆ ಇಳಿಯಿತು. ಮೊದಲ ವರ್ಷ ಅತ್ತೆಯ ಬಾಯಲ್ಲಿ "ಅಳಿಯಂದ್ರು ಊಟಕ್ಕೆ ಬರ್ತಾರಾ" ಇತ್ತು. ಆಮೇಲೆ "ಇವರು" ಆಯಿತು. ಯಾವಾಗ "ಇವನು" ಆಯಿತು ಎಂಬುದು ಯಾರ ನೆನಪಿನಲ್ಲೂ ಇಲ್ಲ, ಮೇಸ್ತ್ರಿಯೊಬ್ಬನನ್ನು ಬಿಟ್ಟು.

ಹಾಗೆಂದು ಅತ್ತೆಗೆ ಮರ್ಯಾದೆಯ ಮಾತು ಬಾರದು ಎಂದಲ್ಲ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಅವರಿಗೆ ಎರಡು ದನಿಗಳಿದ್ದವು. ಒಂದು ಮನೆಯದು, ತೆಂಗಿನಕಾಯಿ ಒಡೆದ ಹಾಗೆ. ಇನ್ನೊಂದು ಎಕ್ಸ್‌ಚೇಂಜಿನದು. ಲೈನ್ ಸಿಗದೆ ಕೂಗಾಡುವ ಜನರನ್ನು ಅವರು ಆ ದನಿಯಿಂದಲೇ ತಣ್ಣಗೆ ಮಾಡುತ್ತಿದ್ದರು: "ದಯವಿಟ್ಟು ಲೈನಿನಲ್ಲೇ ಇರಿ, ಪ್ರಯತ್ನಿಸುತ್ತಿದ್ದೇನೆ." ನಿವೃತ್ತಿಯ ನಂತರ ಆ ದನಿ ಅಪರಿಚಿತರಿಗೆ ಮಾತ್ರ ಮೀಸಲಾಯಿತು. ಮನೆಯವರಿಗೆ ಸಿಗುತ್ತಿದ್ದುದು ತೆಂಗಿನಕಾಯಿ.

ಗಡ್ಡೆ ಇದೆ ಎಂದು ಗೊತ್ತಾದದ್ದೂ ಒಂದು ಕಥೆಯೇ. ಒಂದು ದಿನ ಕೆಲಸದ ಜಾಗದಲ್ಲಿ ಮೇಸ್ತ್ರಿ ತನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದ ಬಾಮೈದನಿಗೆ ಕಟ್ಟಿಂಗ್ ಮೆಷಿನ್ ಆರಿಸೋ ಎಂದು ಕೂಗಿದ. ಆರಿಸಿಯೇ ಇದೆ ಎಂದ ಬಾಮೈದ. ಮೇಸ್ತ್ರಿ ನಂಬದೆ ಎದ್ದು ಹೋಗಿ ವೈರನ್ನೇ ಕಿತ್ತ. ಗುಂಯ್ ಎನ್ನುವ ಸದ್ದು ನಿಲ್ಲಲಿಲ್ಲ. ಸದ್ದು ಎಡಗಿವಿಯೊಳಗೇ ಇತ್ತು. ಅದಾದ ಮೇಲೆ ನೆಲ ಸರಿಯಿಲ್ಲ ಅನ್ನಿಸತೊಡಗಿತು. ತಾನೇ ಹಾಕಿದ ನೆಲದ ಮೇಲೆ ನಿಂತು, ಯಾವನೋ ಇದು ಹಾಕಿದ್ದು, ಎಡಕ್ಕೆ ಇಳಿಜಾರು ಕೊಟ್ಟಿದ್ದಾನೆ ಎಂದು ಬೈದ. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಟ್ಟನಡುವೆ ನಿಂತಿತ್ತು. ರಸಮಟ್ಟವೇ ಕೆಟ್ಟಿದೆ ಎಂದು ಎಸೆದು ಹೊಸದು ತಂದ. ಹೊಸದೂ ಅದೇ ಸುಳ್ಳನ್ನು ಹೇಳಿತು. ಕೊನೆಗೆ ಹೆಂಡತಿ ಬಲವಂತವಾಗಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ನೇರ.

"ಮೂರು ದಾರಿ ಇದೆ. ಆಪರೇಷನ್ ಮಾಡಿ ತೆಗೆಯೋದು. ಕಿರಣ ಕೊಟ್ಟು ಬೆಳೆಯದ ಹಾಗೆ ನೋಡ್ಕೊಳ್ಳೋದು. ಇಲ್ಲಾ ಸುಮ್ನೆ ಗಮನಿಸ್ತಾ ಇರೋದು. ನಿಮ್ಮದು ಚಿಕ್ಕದು. ಗಮನಿಸ್ತಾ ಇರೋಣ."

"ಟೈಲ್ಸ್ ಅಡಿ ಟೊಳ್ಳು ಅಂತ ಗೊತ್ತಾದ್ಮೇಲೆ ನಾವು ಗಮನಿಸ್ತಾ ಕೂರಲ್ಲ ಡಾಕ್ಟ್ರೇ. ಕೀಳ್ತೀವಿ."

"ಕೀಳೋವಾಗ ಪಕ್ಕದ ಟೈಲ್ಸ್ ಯಾವತ್ತೂ ಒಡೆದಿಲ್ವಾ?"

ಮೇಸ್ತ್ರಿ ಛಾವಣಿ ನೋಡಿದ.

"ಆ ಪಕ್ಕದ ಟೈಲ್ಸ್ ಅಂದ್ರೆ ನಿಮ್ಮ ಮುಖ," ಎಂದರು ಡಾಕ್ಟರಮ್ಮ. "ಮುಖ ಆಡಿಸೋ ನರ ಅದನ್ನ ಒರಸ್ಕೊಂಡೇ ಹೋಗುತ್ತೆ. ಹೋಗಿರೋ ಕಿವಿ ಆಪರೇಷನ್ ಮಾಡಿದ್ರೂ ವಾಪಸ್ ಬರಲ್ಲ. ಅದು ಬೆಳೀದೆ ಇದ್ರೆ ನಾವ್ಯಾಕೆ ಕೆಣಕಬೇಕು?"

ಹಾಗೆ ಗಡ್ಡೆ ಉಳಿಯಿತು, ಮನೆಯವರು ಬದಲಾದರು. ಎಡಗಡೆಯಿಂದ ಹೇಳಿದರೆ ಮೇಸ್ತ್ರಿಗೆ ಕೇಳುವುದಿಲ್ಲ ಎಂದು ಗೊತ್ತಾದದ್ದೇ ತಡ, ಎಲ್ಲರೂ ಬಲಕ್ಕೆ ಬಂದರು. ಊಟದ ಮೇಜಿನ ಬಲಬದಿಗೆ ಹೆಂಡತಿ, ಅವಳಾಚೆ ಬಾಮೈದ, ರಜೆಗೆ ಬಂದರೆ ಅವನಾಚೆ ಮಗಳು. ರಸ್ತೆಯಲ್ಲಿ ನಡೆದರೂ ಅದೇ. ಬಲಗಡೆಯಿಂದ ಎಲ್ಲರೂ ಪ್ರೀತಿಯಿಂದ ಒತ್ತಿ ಒತ್ತಿ ಮಾತಾಡುವುದು, ಮೇಸ್ತ್ರಿ ಮೊದಲೇ ಎಡಕ್ಕೆ ವಾಲುವವನು, ಒಂದು ಸಂಜೆ ಹೀಗೆಯೇ ಮಾತಾಡುತ್ತಾ ಮಾತಾಡುತ್ತಾ ಇಡೀ ಕುಟುಂಬ ಸೇರಿ ಅವನನ್ನು ಚರಂಡಿಗೆ ಇಳಿಸಿತು. ಅಷ್ಟೂ ಜನ ಅವನಿಗೆ ಚೆನ್ನಾಗಿ ಕೇಳಿಸುವ ಕಡೆಯಲ್ಲೇ ನಿಂತು "ಹುಷಾರು" ಎಂದು ಕೂಗಿದರು.

ಸದ್ದು ಬಂದ ದಿಕ್ಕು ತಿಳಿಯದ್ದು ಇನ್ನೊಂದು ಫಜೀತಿ. ಒಂದೇ ಕಿವಿಯವನಿಗೆ ಸದ್ದು ಕೇಳುತ್ತದೆ, ಎಲ್ಲಿಂದ ಎಂದು ಗೊತ್ತಾಗುವುದಿಲ್ಲ. ಹೆಂಡತಿ ಅಡುಗೆಮನೆಯಿಂದ ಕರೆದರೆ ಮೇಸ್ತ್ರಿ ಬಚ್ಚಲಿಗೆ ಹೋಗಿ "ಏನೇ" ಎನ್ನುತ್ತಿದ್ದ. ಜೇಬಿನಲ್ಲಿ ಫೋನ್ ಬಡಿದುಕೊಂಡರೆ ಕಪಾಟು ತೆಗೆದು ಹುಡುಕುತ್ತಿದ್ದ. ನೆಟ್ಟಗೆ ನಿಲ್ಲುವುದಕ್ಕೆಂದು ಆಸ್ಪತ್ರೆಯವರು ವ್ಯಾಯಾಮ ಹೇಳಿಕೊಟ್ಟಿದ್ದರು: ಒಂಟಿ ಕಾಲಿನಲ್ಲಿ ನಿಂತು ತಲೆಯನ್ನು ಅತ್ತ ಇತ್ತ ತಿರುಗಿಸಬೇಕು. ಜೊತೆಗಿರಲಿ ಎಂದು ಬೆಳಗಾದರೆ ಹೆಂಡತಿ, ಬಾಮೈದ ಕೂಡ ಸಾಲಾಗಿ ಒಂಟಿ ಕಾಲಿನಲ್ಲಿ ನಿಂತು "ಇಲ್ಲ, ಇಲ್ಲ" ಎನ್ನುವಂತೆ ತಲೆಯಾಡಿಸುತ್ತಿದ್ದರು. ಹಾಲಿನವನು ಮೊದಲ ದಿನ ಬಾಗಿಲಲ್ಲೇ ನಿಂತು, ಹಾಲು ಬೇಡವೇನೋ ಎಂದುಕೊಂಡು ವಾಪಸ್ಸು ಹೋಗಿದ್ದ.

ಎಲ್ಲರೂ ಬಲಕ್ಕೆ ಬಂದರೂ ಅತ್ತೆ ಒಬ್ಬರು ಎಡಕ್ಕೆ ಹೋದರು. ಅದಕ್ಕೆ ಮೊದಲು ಅವರ ಕುರ್ಚಿ ಮೇಜಿನ ಆ ತುದಿಯಲ್ಲಿತ್ತು. ಗಡ್ಡೆಯ ಸುದ್ದಿ ಬಂದ ವಾರವೇ ಕುರ್ಚಿ ಎಳೆದುಕೊಂಡು ಬಂದು ಮೇಸ್ತ್ರಿಯ ಎಡಗೈಗೆ ತಾಗುವ ಹಾಗೆ ಕೂತರು. ಕೂತು, ಊಟ ಮುಗಿಯುವವರೆಗೂ, ಅವನ ಸತ್ತ ಕಿವಿಯ ಹತ್ತಿರ ಏನೋ ಗುಣುಗುಡುತ್ತಿದ್ದರು. ತಟ್ಟೆ ಚಮಚಗಳ ಗಲಾಟೆಯಲ್ಲಿ ಅದರ ಒಂದಕ್ಷರವೂ ಬಲಗಿವಿಯವರೆಗೆ ಬರುತ್ತಿರಲಿಲ್ಲ. ಊಟ ಮುಗಿಸಿ ಎದ್ದರೆ ಮೇಸ್ತ್ರಿ ಒಂದು ಕ್ಷಣ ಎಡಕ್ಕೆ ವಾಲುತ್ತಿದ್ದ, ಅವನ ಕೈ ಅವರ ಹೆಗಲಿಗೆ ತಗಲುತ್ತಿತ್ತು. ಆಗ ಮಾತ್ರ ತೆಂಗಿನಕಾಯಿ ಒಡೆಯುತ್ತಿತ್ತು: "ಭಾರ ಹಾಕ್ಬೇಡಪ್ಪ, ನಾನೇನು ಗೋಡೆನಾ?"

ಎದ್ದು ನಿಲ್ಲುವುದಕ್ಕೂ ಜಾಗ ಬಿಡದ ಹೆಂಗಸು ಎಂದು ಮೇಸ್ತ್ರಿಗೆ ಸಿಟ್ಟು ಬರುತ್ತಿತ್ತು.

ಆ ಗುಣುಗುಣು ಏನು ಎಂಬುದರ ಬಗ್ಗೆ ಅವನಿಗೆ ಅನುಮಾನವೇ ಇರಲಿಲ್ಲ. ಅವನು ಈಗ ಮೊದಲಿನ ಮೇಸ್ತ್ರಿಯಲ್ಲ. ಏಣಿ ಹತ್ತುವುದನ್ನು, ಸಾರುವೆ ಮೇಲೆ ನಿಂತು ಹೊರಗೋಡೆಗೆ ಟೈಲ್ಸ್ ಹಾಕುವುದನ್ನು ಬಿಟ್ಟಾಗಿತ್ತು. ಬಾಮೈದ ಕೆಲಸ ಹಿಡಿಯುತ್ತಿದ್ದ, ಮೇಸ್ತ್ರಿ ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತು, ಹಾಕಿ ಮುಗಿದ ಟೈಲ್ಸನ್ನು ಕೋಲಿನಿಂದ ತಟ್ಟಿ ಟೊಳ್ಳು ಹುಡುಕುತ್ತಿದ್ದ. ಮನೆ ಅಳಿಯನಾಗಿರುವುದು ಒಂದು, ಬಕೆಟ್ಟಿನ ಮೇಲೆ ಕೂತ ಮನೆ ಅಳಿಯನಾಗಿರುವುದು ಇನ್ನೊಂದು. ಇಷ್ಟು ವರ್ಷ ಎದುರಿಗೇ ಅಂದವರು, ಈಗ ಕೇಳದ ಕಿವಿಯಲ್ಲಿ ಏನು ಬೇಕಾದರೂ ಅನ್ನಬಹುದಲ್ಲ, ಅದಕ್ಕೇ ಅಲ್ಲಿ ಬಂದು ಕೂತಿದ್ದಾರೆ ಎಂದು ಅವನು ತೀರ್ಮಾನಿಸಿದ್ದ. ಅವನಿಗೆ ನಿಜಕ್ಕೂ ನೋವಾಗಿತ್ತು.

ಗಡ್ಡೆ ಗೊತ್ತಾದ ನಾಲ್ಕನೇ ವರ್ಷದ ಹೊತ್ತಿಗೆ ಅವನು ಸದ್ದಿಲ್ಲದೆ ಒಂದು ಬೇರೆ ಮನೆ ನೋಡಿದ. ಎರಡನೇ ಮಹಡಿ, ಎರಡು ಕೋಣೆ, ಬೆಳಕು ಚೆನ್ನಾಗಿತ್ತು. ನೆಲ ಹಾಕಿದವನಿಗೆ ಮಾತ್ರ ಕೈಚಳಕ ಇರಲಿಲ್ಲ. ಹೆಂಡತಿಗೆ ಹೇಳಿದ. ಅವಳು ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯಲ್ಲಿ ಕೆಲಸ ಮಾಡುವವಳು, ಯಾವ ವಿಷಯವನ್ನೂ ಸುಕ್ಕು ಬಿಡಿಸದೆ ಒಪ್ಪುವವಳಲ್ಲ.

"ಅಮ್ಮ ನಿಮಗೆ ಏನಂದ್ಲು, ಒಂದೇ ಒಂದು ಮಾತು ಹೇಳಿ. ಈಗ್ಲೇ ಗಂಟುಮೂಟೆ ಕಟ್ತೀನಿ."

"ದಿನಾ ಅಂತಾರೆ."

"ಏನಂತ?"

"ಕೇಳ್ಸಿದ್ರೆ ತಾನೇ ಹೇಳೋದು?"

"ಕೇಳ್ಸದೇ ಇರೋ ಮಾತಿಗೆ ಮನೆ ಬಿಡ್ತಾರೇನ್ರೀ ಯಾರಾದ್ರೂ?"

ಆ ಮಹಡಿ ಮನೆಯವರು ಭಾನುವಾರದೊಳಗೆ ಹೇಳಿ ಎಂದಿದ್ದರು.

ಅದೇ ವಾರ ಸ್ಕ್ಯಾನ್ ಇತ್ತು. ಸ್ಕ್ಯಾನಿನ ಕೊಳವೆಯೊಳಗೆ ಮಲಗುವುದೆಂದರೆ ಉಳಿದವರಿಗೆ ಪ್ರಾಣಸಂಕಟ, ಮೇಸ್ತ್ರಿಗೆ ಮಾತ್ರ ಅದು ಹಿತ. ಕಿವಿಗೆ ಏನು ತುರುಕಿದರೂ ಆ ಯಂತ್ರದ ಕಟಕಟ, ಗರ್ರ್, ಡಬಡಬ ನಿಲ್ಲುವುದಿಲ್ಲ. ಆ ಸದ್ದಿನಲ್ಲಿ ಅವನಿಗೆ ಕೆಲಸದ ಜಾಗದಲ್ಲೇ ಇದ್ದಂತೆನಿಸಿ ನಿದ್ದೆ ಹತ್ತುತ್ತಿತ್ತು. ಅಲ್ಲಾಡಬೇಡಿ ಎಂದು ಎಲ್ಲರಿಗೂ ಹೇಳುವ ಸ್ಕ್ಯಾನಿನವನು ಇವನಿಗೆ ಗೊರಕೆ ಹೊಡೀಬೇಡಿ ಎಂದು ಹೇಳಬೇಕಾಗಿತ್ತು.

ಈ ಸಲ ಡಾಕ್ಟರಮ್ಮ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ ನೋಡಿದರು.

"ಒಂಚೂರು ಬೆಳೆದಿದೆ," ಎಂದರು. "ಹೆದರೋ ಅಷ್ಟಿಲ್ಲ. ಅಳತೆಯಲ್ಲಿ ಇಷ್ಟು ವ್ಯತ್ಯಾಸ ಸುಮ್ನೆ ಕೂಡ ಬರಬಹುದು. ಆರು ತಿಂಗಳಿಗೆ ಇನ್ನೊಂದು ಸಲ ತೆಗೆಯೋಣ. ಆಗ್ಲೂ ಬೆಳೆದಿದ್ರೆ ಕಿರಣದ ಬಗ್ಗೆ ಕೂತು ಮಾತಾಡೋಣ."

ಕಿರಣವೋ ಕತ್ತಿಯೋ, ಏನಾದರೂ ಆಗಲಿ, ಅತ್ತೆಯ ಕಣ್ಣೆದುರು ಮಾತ್ರ ಆಗುವುದು ಬೇಡ ಎಂದುಕೊಂಡ ಮೇಸ್ತ್ರಿ. ವಿಷಯ ಮನೆಯಲ್ಲಿ ಹೇಳಬಾರದೆಂದು ಬಸ್ಸಿನಲ್ಲಿ ಹೆಂಡತಿಯಿಂದ ಮಾತು ತೆಗೆದುಕೊಂಡ. ಅವಳೂ ಕೊಟ್ಟಳು.

ಅಷ್ಟರೊಳಗೆ ಆಸ್ಪತ್ರೆಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಕಿವಿಪರೀಕ್ಷೆ ಮಾಡುವ ಹುಡುಗಿ ಅವನಿಗೆ ಒಂದು ಜೊತೆ ಯಂತ್ರ ಕೊಟ್ಟಿದ್ದಳು, ಕೆಲವು ದಿನ ಹಾಕಿ ನೋಡಿ ಎಂದು. ಕಿವಿಗಳ ಹಿಂದೆ ಕೂರುವ ಎರಡು ಪುಟ್ಟ ತುಂಡುಗಳು. ಎಡಗಡೆಯದು ಅಲ್ಲಿಯ ಸದ್ದನ್ನು ಹಿಡಿದು ಬಲಗಡೆಯದಕ್ಕೆ ಕಳಿಸುತ್ತದೆ, ಅದು ಅವನ ಒಳ್ಳೆಯ ಕಿವಿಗೆ ಹೇಳುತ್ತದೆ. ಬೇರೆ ಯಾರಾದರೂ ಆಗಿದ್ದರೆ ಅಬ್ಬಾ ಎಂಥ ಸೌಕರ್ಯ ಎನ್ನುತ್ತಿದ್ದರು. ಮೇಸ್ತ್ರಿಗೆ ಹೊಳೆದದ್ದು ಒಂದೇ: ಇನ್ನು ಸಾಕ್ಷಿ ಸಿಗುತ್ತದೆ. ಅತ್ತೆ ಅನ್ನುವುದನ್ನು ಅಕ್ಷರ ಬಿಡದೆ ಕೇಳಿ, ಹೆಂಡತಿಗೆ ಒಪ್ಪಿಸಿ, ಭಾನುವಾರ ಮನೆ ಬಿಡುವುದು.

ಮರುದಿನ ಸಂಜೆ ಕೂದಲನ್ನು ಕಿವಿಯ ಮೇಲೆ ಎಳೆದುಕೊಂಡು, ಯಂತ್ರ ಹಾಕಿಕೊಂಡು, ಕಳ್ಳನ ಹಾಗೆ ಊಟಕ್ಕೆ ಬಂದು ಕೂತ. ಮೊದಲಿಗೆ ಕೇಳಿಸಿದ್ದು ಬರೀ ಗಲಾಟೆ. ಎಡಗಡೆಯೆಂಬ ಒಂದು ಊರೇ ಅಲ್ಲಿ ಇದ್ದುದನ್ನು ಅವನು ಮರೆತುಬಿಟ್ಟಿದ್ದ. ಫ್ರಿಜ್ಜಿನ ಸದ್ದು, ಕಿಟಕಿಯಾಚೆ ಯಾರದೋ ಕೆಮ್ಮು, ಅತ್ತೆಯ ಬಳೆ, ಅತ್ತೆ ನೀರು ನುಂಗುವ ಸದ್ದು. ಆಮೇಲೆ ಅತ್ತೆ ಗಂಟಲು ಸರಿಮಾಡಿಕೊಂಡರು. ಮೇಸ್ತ್ರಿ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕಾದ.

"ನಮಸ್ಕಾರ," ಎಂದರು ಅತ್ತೆ. "ಹೇಗಿದ್ದೀರಿ?"

ಎಕ್ಸ್‌ಚೇಂಜಿನ ದನಿ. ಮೇಸ್ತ್ರಿ ಯಾರಾದರೂ ಬಂದರೇನೋ ಎಂದು ಬಾಗಿಲು ನೋಡಿದ. ಯಾರೂ ಇರಲಿಲ್ಲ. ಅತ್ತೆ ತಟ್ಟೆ ನೋಡಿಕೊಂಡೇ, ಅವನ ಕಿವಿಯ ಕಡೆಗೆ ತುಸು ಬಾಗಿ ಮಾತಾಡುತ್ತಿದ್ದರು.

"ನಿನ್ನೆ ನಿಮ್ಮ ಫೋಟೋ ತೆಗೆದ್ರಂತೆ. ಸ್ವಲ್ಪ ದಪ್ಪ ಆಗಿದ್ದೀರಿ ಅಂತ ಮಗಳು ಹೇಳಿದ್ಲು. ಇದು ಸರಿಯಲ್ಲ, ನೋಡಿ. ನೀವು ಬಂದು ಇಷ್ಟು ವರ್ಷ ಆಯ್ತು. ನಿಮ್ಮನ್ನ ಯಾರಾದ್ರೂ ಹೋಗಿ ಅಂದ್ರಾ? ಅಂದಿಲ್ಲ. ನೀವೂ ಮರ್ಯಾದಸ್ಥರಾಗಿಯೇ ಇದ್ರಿ. ಇನ್ನು ಮುಂದೆಯೂ ಇರೋ ಜಾಗದಲ್ಲೇ ಹೊಂದ್ಕೊಂಡು ಇರಿ. ಮುಂದೆ ಬರಬೇಡಿ. ದಯವಿಟ್ಟು ಲೈನಿನಲ್ಲೇ ಇರಿ."

ಮೇಸ್ತ್ರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅತ್ತೆ ಮಾತಾಡುತ್ತಿದ್ದುದು ಅವನ ಜೊತೆಗಲ್ಲ, ಗಡ್ಡೆಯ ಜೊತೆ. ನಾಲ್ಕು ವರ್ಷದಿಂದ, ದಿನವೂ, ಹಟಮಾರಿ ಗಿರಾಕಿಯನ್ನು ಒಲಿಸುವಂತೆ ಅದನ್ನು ಲೈನಿನಲ್ಲಿ ಕಾಯಿಸಿ ಇಟ್ಟಿದ್ದರು. ಮೊದಲು ಅವನಿಗೆ ಬಂದದ್ದು ಹೊಟ್ಟೆಕಿಚ್ಚು. ಮನೆ ತುಂಬ ನೆಲ ಹಾಕಿದವನಿಗೆ ಸಿಗದ ಬಹುವಚನ ನಿನ್ನೆ ಮೊನ್ನೆ ಬಂದ ಬಟಾಣಿ ಕಾಳಿಗೆ ಸಿಕ್ಕಿತ್ತು.

ಅತ್ತೆ ಇನ್ನೊಂದು ಗುಟುಕು ನೀರು ಕುಡಿದರು.

"ಇನ್ನೊಂದು ವಿಷಯ. ಈ ಪುಣ್ಯಾತ್ಮ ಬೇರೆ ಮನೆ ನೋಡಿದ್ದಾನೆ. ಎರಡನೇ ಮಹಡಿ. ನಾನು ಹೋಗಿ ಹತ್ತಿ ನೋಡ್ಕೊಂಡು ಬಂದೆ, ಇನ್ನೂ ಮಂಡಿ ನೋಯ್ತಿದೆ. ಮೆಟ್ಟಿಲಿನ ಎಡಗಡೆ ಕಂಬಿನೇ ಇಲ್ಲ, ಬರೀ ಗಾಳಿ. ಇವರೆಲ್ಲ ಬುದ್ಧಿವಂತರು, ಅವನಿಗೆ ಕೇಳೋ ಕಡೆ ಹೋಗಿ ಕೂತಿದ್ದಾರೆ. ಬೀಳೋ ಕಡೆ ಯಾರು ಕೂರಬೇಕು? ಇಲ್ಲಾದ್ರೆ ನನ್ನ ಹೆಗಲಾದ್ರೂ ಇದೆ. ನಾನು ಹೋಗ್ಬೇಡ ಅಂದ್ರೆ ಅವನಿಗೆ ಬೈದ ಹಾಗೆ ಕೇಳುತ್ತೆ. ನನ್ನ ಬಾಯೇ ಹಾಗೆ. ನೀವಾದ್ರೆ ಒಳಗೇ ಇದ್ದೀರಿ, ಹತ್ತಿರದವರು. ನೀವೇ ಸ್ವಲ್ಪ ಹೇಳಿ ನೋಡಿ. ಧನ್ಯವಾದ."

ಮೇಸ್ತ್ರಿಯ ತುತ್ತು ಇನ್ನೂ ಬಾಯಲ್ಲೇ ಇತ್ತು. ಬಲಗಡೆಯಿಂದ ಹೆಂಡತಿ, "ಯಾಕ್ರೀ, ಉಪ್ಪು ಜಾಸ್ತಿ ಆಯ್ತಾ?" ಎಂದಳು. ಹೂಂ ಎಂದ. ಬಾಮೈದ, ಇಲ್ಲವಲ್ಲ ಅಕ್ಕ, ಕಮ್ಮಿಯೇ ಇದೆ ಎಂದು ಮೇಲಿಂದ ಸ್ವಲ್ಪ ಹಾಕಿಕೊಂಡ. ಹೇಳುವುದಿಲ್ಲ ಎಂದು ಬಸ್ಸಿನಲ್ಲಿ ಮಾತು ಕೊಟ್ಟು, ಮನೆಗೆ ಬಂದು ಎಲ್ಲವನ್ನೂ ಅಮ್ಮನಿಗೆ ಸುರಿದಿದ್ದ ಹೆಂಡತಿಯ ಮೇಲೆ ಮೇಸ್ತ್ರಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ.

ಅವನು ಎದ್ದ. ನೆಲ ಎಂದಿನಂತೆ ಎಡಕ್ಕೆ ಇಳಿಯಿತು. ಈ ಸಲ ಕೈಯನ್ನು ತಾನಾಗಿಯೇ ಅತ್ತೆಯ ಹೆಗಲ ಮೇಲೆ ಇಟ್ಟ, ಪೂರ್ತಿ ಅಂಗೈ ಊರಿ. ಆ ಹೆಗಲು ಆಗಲೇ ಬಿಗಿಹಿಡಿದು ಕಾಯುತ್ತಿದ್ದುದು ಅವನ ಅಂಗೈಗೆ ತಿಳಿಯಿತು. ಎಷ್ಟೋ ದಿನಗಳಿಂದ ಹಾಗೆಯೇ ಕಾಯುತ್ತಿತ್ತೇನೋ.

"ಭಾರ ಹಾಕ್ಬೇಡಪ್ಪ," ಎಂದರು ಅತ್ತೆ, ತೆಂಗಿನಕಾಯಿ ದನಿಯಲ್ಲಿ. "ನಾನೇನು ಗೋಡೆನಾ?"

"ಹೌದತ್ತೆ," ಎಂದ ಮೇಸ್ತ್ರಿ.

ಅತ್ತೆ ತಲೆಯೆತ್ತಿ ಅವನನ್ನೇ ನೋಡಿದರು. ಈ ಪ್ರಶ್ನೆಗೆ ಅವನು ಉತ್ತರ ಕೊಟ್ಟದ್ದು ಅದೇ ಮೊದಲು.

ಭಾನುವಾರ ಅವನು ಮಹಡಿ ಮನೆಯವರಿಗೆ ಫೋನ್ ಮಾಡಿ ಬೇಡ ಎಂದ. ಕಾರಣ ಕೇಳಿದರು. ಮನೆಯಲ್ಲಿ ಇನ್ನೊಬ್ಬರಿದ್ದಾರೆ, ಅವರಿಗೆ ಇಷ್ಟವಿಲ್ಲ ಎಂದ. ಹೆಂಡತಿಗೆ, ನೀನು ಹೇಳಿದ್ದೇ ಸರಿ, ಅಂಥದ್ದೇನೂ ಅವರು ಅನ್ನಲ್ಲ ಎಂದಷ್ಟೇ ಹೇಳಿದ. ಅವಳು ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಅವನ ಹಣೆ ಮುಟ್ಟಿ ನೋಡಿದಳು.

ಆಸ್ಪತ್ರೆಯ ಹುಡುಗಿ ಯಂತ್ರ ಹೇಗಿದೆ ಎಂದು ಕೇಳಿದಾಗ ಮೇಸ್ತ್ರಿ, "ಚೆನ್ನಾಗಿದೆಯಮ್ಮ, ಕೆಲಸಕ್ಕೆ ಬೇಕೇ ಬೇಕು," ಎಂದ. "ಊಟದ ಹೊತ್ತಿಗೆ ಮಾತ್ರ ತೆಗೆದಿಡ್ತೀನಿ."

"ಎಲ್ಲರೂ ಊಟದ ಹೊತ್ತಿಗೇ ಬೇಕು ಅಂತಾರೆ ಸಾರ್."

"ನಮ್ಮನೇಲಿ ಆಗ ಲೈನ್ ಬೇರೆಯವರದು," ಎಂದ. ಆ ಹುಡುಗಿಗೆ ಏನೂ ಅರ್ಥವಾಗಲಿಲ್ಲ, ಆದರೂ ನಕ್ಕಳು.

ಆರು ತಿಂಗಳು ಹೇಗೋ ಕಳೆದವು. ಮೇಸ್ತ್ರಿ ಮತ್ತೆ ಕೊಳವೆಯೊಳಗೆ ಗೊರಕೆ ಹೊಡೆದ. ಡಾಕ್ಟರಮ್ಮ ಮೂರು ಚಿತ್ರಗಳನ್ನು ಸಾಲಾಗಿಟ್ಟು, ಕಣ್ಣು ಕಿರಿದು ಮಾಡಿ, ಅಳತೆ ಹಿಡಿದು, ಇದ್ದಷ್ಟೇ ಇದೆ ಎಂದರು. ಯಾಕೆ ನಿಂತಿತು ಎಂದು ಹೆಂಡತಿ ಕೇಳಿದಳು. ಕೆಲವು ಹಾಗೇ ನಿಂತುಬಿಡ್ತವೆ, ಕಾರಣ ನಮಗೂ ಪೂರ್ತಿ ಗೊತ್ತಿಲ್ಲ, ಬೆಳೆಯೋದೇ ಇಲ್ಲ ಅಂತ ಈಗ್ಲೇ ಹೇಳೋಕಾಗಲ್ಲ, ಮುಂದಿನ ವರ್ಷ ಬನ್ನಿ ಎಂದರು ಅವರು. ಮೇಸ್ತ್ರಿ ತನಗೆ ಗೊತ್ತಿದ್ದ ಕಾರಣವನ್ನು ಹೇಳಲಿಲ್ಲ.

ಆ ಸಂಜೆ ಎಲ್ಲರೂ ಊಟಕ್ಕೆ ಕೂತರು. ಮೇಸ್ತ್ರಿ ಯಂತ್ರವನ್ನು ಡಬ್ಬಿಯೊಳಗಿಟ್ಟು ಮುಚ್ಚಿ, ತನ್ನ ಕುರ್ಚಿಯನ್ನು ಒಂದಿಷ್ಟು ಎಡಕ್ಕೆ ಎಳೆದುಕೊಂಡ. ಅತ್ತೆ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಅವನಿಗೆ ಎಡಗಡೆಯಿಂದ ಗುಣುಗುಣು ಬಿಟ್ಟರೆ ಬೇರೇನೂ ಕೇಳಲಿಲ್ಲ. ಅವರಿಗೆ ಬಾಗುವ ತೊಂದರೆ ಇರದಿರಲಿ ಎಂದು ಅವನೇ ತಲೆಯನ್ನು ಅವರತ್ತ ವಾಲಿಸಿ ನಿಧಾನವಾಗಿ ಉಂಡ.

ಬಾಮೈದನಿಗೆ ಇದು ಕಣ್ಣಿಗೆ ಬಿತ್ತು. ಬಲಗಡೆಯಿಂದ ಬಗ್ಗಿ ಕೇಳಿದ: "ಭಾವ, ಅಮ್ಮ ಆಗ್ಲಿಂದ ಏನೋ ಹೇಳ್ತಿದ್ದಾಳೆ. ನಿಮಗೆ ಕೇಳ್ತಿಲ್ಲ ಅಂತ ಹೇಳ್ಬಾರ್ದಾ?"

"ಸುಮ್ನಿರೋ," ಎಂದ ಮೇಸ್ತ್ರಿ. "ಅದು ನನಗಲ್ಲ."